ಸ್ಟುಡೆಬೇಕರ್: 111 ವರ್ಷ ನಡೆದ ಕಾರ್ಖಾನೆಯೊಂದರ ಏಳುಬೀಳು

ಉದ್ದಿಮೆ ಅಧ್ಯಯನ

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದಲ್ಲಿ 1852ರ ಫೆಬ್ರವರಿ 16ರಂದು ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡೆಬೇಕರ್ ಎಂಬ ಸಹೋದರರು ಒಂದು ಕಮ್ಮಾರಸಾಲೆಯನ್ನು ತೆರೆದರು. ಅವರ ಬಳಿ ಇದ್ದ ಬಂಡವಾಳ 68 ಡಾಲರ್ ಮತ್ತು ಕಮ್ಮಾರಿಕೆಯ ಎರಡು ಜೊತೆ ಸಲಕರಣೆಗಳು ಮಾತ್ರ. ಆ ಸಾಲೆಯು ಕಾಲಕ್ರಮದಲ್ಲಿ ಜಗತ್ತಿನ ಅತಿದೊಡ್ಡ ಗಾಡಿ ತಯಾರಿಕಾ ಸಂಸ್ಥೆಗಳಲ್ಲಿ ಒಂದಾಯಿತು. ಅನಂತರ ಅಮೆರಿಕದ ಹೆಸರಾಂತ ಮೋಟಾರು ಕಂಪನಿಯಾಯಿತು. 1963ರ ಡಿಸೆಂಬರ್ 20ರಂದು ಅದೇ ಊರಿನ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂದಿತು.

ಈ ನಡುವಿನ 111 ವರ್ಷಗಳ ಇತಿಹಾಸವು ಕೇವಲ ಒಂದು ವಿದೇಶಿ ಕಂಪನಿಯ ಕಥೆಯಲ್ಲ. ಒಳ್ಳೆಯ ಸರಕು, ಜನರ ವಿಶ್ವಾಸ, ನುರಿತ ಕೆಲಸಗಾರರು ಇವೆಲ್ಲವೂ ಇದ್ದ ಸಂಸ್ಥೆಯೊಂದು ಲೆಕ್ಕದ ತಪ್ಪುಗಳಿಂದಲೂ ಸಕಾಲದಲ್ಲಿ ತೆಗೆದುಕೊಳ್ಳದ ತೀರ್ಮಾನಗಳಿಂದಲೂ ಹೇಗೆ ಕರಗಿಹೋಗಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ. ದೊಡ್ಡ ಕಂಪನಿಗಳ ಪೈಪೋಟಿಯ ನಡುವೆ ವ್ಯವಹಾರ ನಡೆಸುವ ಸಣ್ಣ ಹಾಗೂ ಮಧ್ಯಮ ಉದ್ದಿಮೆದಾರರು ಇದರಿಂದ ತಿಳಿಯಬೇಕಾದುದು ಬಹಳಷ್ಟಿದೆ.

ಕಮ್ಮಾರಸಾಲೆಯಿಂದ ಗಾಡಿ ಕಾರ್ಖಾನೆಗೆ

ಸ್ಟುಡೆಬೇಕರ್ ಸಹೋದರರು ಐವರು: ಹೆನ್ರಿ, ಕ್ಲೆಮೆಂಟ್, ಜಾನ್ ಮೋಹ್ಲರ್, ಪೀಟರ್ ಮತ್ತು ಜೇಕಬ್. ಅವರ ತಂದೆಯೂ ಗಾಡಿ ತಯಾರಿಸುವ ಕಮ್ಮಾರರೇ ಆಗಿದ್ದರು. ಸೌತ್ ಬೆಂಡ್‌ನ ಸಾಲೆಯಲ್ಲಿ ಮೊದಲ ವರ್ಷ ತಯಾರಾದ ಗಾಡಿಗಳು ಬೆರಳೆಣಿಕೆಯಷ್ಟು. ಕುದುರೆಗೆ ಲಾಳ ಕಟ್ಟುವುದು ಮತ್ತು ದುರಸ್ತಿ ಕೆಲಸವೇ ಹೊಟ್ಟೆಪಾಡಿನ ಆಧಾರ.

ಉದ್ದಿಮೆಗೆ ನಿಜವಾದ ಚಾಲನೆ ದೊರೆತದ್ದು ಮೂರನೆಯ ಸಹೋದರನಿಂದ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ದೊರೆಯುತ್ತಿದೆ ಎಂಬ ಸುದ್ದಿ ಕೇಳಿ ಜಾನ್ ಮೋಹ್ಲರ್ 1853ರಲ್ಲಿ ಅತ್ತ ಹೊರಟರು. ಪ್ರಯಾಣದ ವೆಚ್ಚಕ್ಕೆ ಬದಲಾಗಿ ತಾವೇ ಒಂದು ಗಾಡಿಯನ್ನು ತಯಾರಿಸಿ ಆ ತಂಡಕ್ಕೆ ಕೊಟ್ಟರು. ಅಲ್ಲಿ ತಲುಪಿದ ಮೇಲೆ ಅವರು ಚಿನ್ನ ಅಗೆಯಲು ಹೋಗದೆ, ಅಗೆಯುವವರಿಗೆ ಬೇಕಾದ ಮಣ್ಣು ಸಾಗಿಸುವ ಒಂಟಿಚಕ್ರದ ತಳ್ಳುಗಾಡಿಗಳನ್ನು ಮಾಡಿ ಮಾರತೊಡಗಿದರು. ಚಿನ್ನ ಅರಸಿ ಹೋದ ಸಾವಿರಾರು ಜನ ಬರಿಗೈಯಲ್ಲಿ ಮರಳಿದ ಆ ದಿನಗಳಲ್ಲಿ ಇವರು 1858ರಲ್ಲಿ 8,000 ಡಾಲರ್ ಉಳಿತಾಯದೊಂದಿಗೆ ಊರಿಗೆ ಹಿಂತಿರುಗಿದರು. ಹೆನ್ರಿಯ ಪಾಲನ್ನು ಕೊಂಡು ಆ ಹಣವನ್ನು ಗಾಡಿ ಉದ್ದಿಮೆಯಲ್ಲಿ ತೊಡಗಿಸಿದರು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸರ್ಕಾರದ ಸೇನೆಗೆ ಗಾಡಿಗಳ ಪೂರೈಕೆ ಮಾಡಿದ್ದರಿಂದ ಸಂಸ್ಥೆಯ ಹೆಸರು ದೇಶದುದ್ದಕ್ಕೂ ಹರಡಿತು. 1868ರಲ್ಲಿ ಸ್ಟುಡೆಬೇಕರ್ ಬ್ರದರ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. 1872 ಮತ್ತು 1874ರಲ್ಲಿ ಎರಡು ಬಾರಿ ಬೆಂಕಿಗೆ ಆಹುತಿಯಾದರೂ ಕಾರ್ಖಾನೆಯನ್ನು ಮತ್ತೆ ಕಟ್ಟಲಾಯಿತು. ಗಟ್ಟಿ ಸರಕು, ಹೇಳಿದ್ದಕ್ಕಿಂತ ತುಸು ಹೆಚ್ಚಾಗಿಯೇ ಕೊಡುವ ನಡವಳಿಕೆ, ಊರೂರಿನಲ್ಲಿ ಮಾರಾಟಗಾರರ ಜಾಲ ಈ ಮೂರು ಅಂದಿನ ಯಶಸ್ಸಿನ ಅಡಿಗಲ್ಲುಗಳು.

ಕುದುರೆಯಿಂದ ಎಂಜಿನ್‌ಗೆ

ಹೊಸ ತಂತ್ರಜ್ಞಾನ ಬಂದಾಗ ಹಳೆಯ ಉದ್ದಿಮೆಯ ಮುಂಚೂಣಿಯಲ್ಲಿದ್ದವರೇ ಮೊದಲು ಮುಳುಗುವುದು ಸಾಮಾನ್ಯ. ಅಮೆರಿಕದ ಗಾಡಿ ತಯಾರಕರಲ್ಲಿ ಹೆಚ್ಚಿನವರ ಗತಿ ಹಾಗೆಯೇ ಆಯಿತು. ಸ್ಟುಡೆಬೇಕರ್ ಮಾತ್ರ ಎಚ್ಚರಿಕೆಯ ಹೆಜ್ಜೆಯಿಟ್ಟು ದಾಟಿತು. 1902ರಲ್ಲಿ ವಿದ್ಯುತ್ ಚಾಲಿತ ಕಾರುಗಳನ್ನು ಹೊರತಂದಿತು. ವಿಜ್ಞಾನಿ ಥಾಮಸ್ ಎಡಿಸನ್ ಅದರ ಮೊದಲ ಗ್ರಾಹಕರಲ್ಲಿ ಒಬ್ಬರು. 1904ರಲ್ಲಿ ಪೆಟ್ರೋಲ್ ಕಾರಿಗೆ ಕೈಹಾಕಿದಾಗ ಎಂಜಿನ್ ಮತ್ತು ಚಾಸಿಯನ್ನು ಬೇರೊಂದು ಕಂಪನಿಯಿಂದ ಪಡೆದು, ತನಗೆ ಚೆನ್ನಾಗಿ ತಿಳಿದಿದ್ದ ಮೇಲ್ಮೈ ಕಟ್ಟುವ ಕೆಲಸವನ್ನು ತಾನು ಮಾಡಿತು. 1908ರಲ್ಲಿ ಡೆಟ್ರಾಯಿಟ್‌ನ ಇ-ಎಂ-ಎಫ್ ಕಂಪನಿಯ ಕಾರುಗಳನ್ನು ತನ್ನ ಗಾಡಿ ಮಾರಾಟಗಾರರ ಮೂಲಕ ಮಾರುವ ಒಪ್ಪಂದ ಮಾಡಿಕೊಂಡಿತು. ಅನಂತರ ಆ ಕಂಪನಿಯನ್ನೇ ಸೇರಿಸಿಕೊಂಡು 1911ರಲ್ಲಿ ಸ್ಟುಡೆಬೇಕರ್ ಕಾರ್ಪೊರೇಷನ್ ಆಯಿತು.

ಇಲ್ಲಿ ಗಮನಿಸಬೇಕಾದುದೆಂದರೆ, ಸಂಸ್ಥೆಯು ಗಾಡಿ ವ್ಯವಹಾರವನ್ನು ಒಮ್ಮೆಲೇ ಕೈಬಿಡಲಿಲ್ಲ. ಹಳೆಯದರ ಆದಾಯದಿಂದ ಹೊಸದನ್ನು ಬೆಳೆಸಿ, ಹೊಸದು ತನ್ನ ಕಾಲ ಮೇಲೆ ನಿಂತ ಬಳಿಕ ಹಳೆಯದನ್ನು ಬಿಟ್ಟಿತು. ತನ್ನಲ್ಲಿ ಇಲ್ಲದ ತಾಂತ್ರಿಕ ಜ್ಞಾನವನ್ನು ಹೊರಗಿನಿಂದ ಪಡೆಯಿತು; ತನ್ನಲ್ಲಿದ್ದ ಮಾರಾಟದ ಜಾಲ ಮತ್ತು ಒಳ್ಳೆಯ ಹೆಸರನ್ನು ಅದಕ್ಕೆ ಜೋಡಿಸಿತು.

ಮೊದಲ ಕುಸಿತ: ಲಾಭವಿಲ್ಲದೆ ಲಾಭಾಂಶ

1915ರಲ್ಲಿ ಆಲ್ಬರ್ಟ್ ಎರ್ಸ್ಕಿನ್ ಅಧ್ಯಕ್ಷರಾದರು. 1920ರ ದಶಕದ ಏರುಮಾರುಕಟ್ಟೆಯಲ್ಲಿ ಕಂಪನಿ ಚೆನ್ನಾಗಿ ಬೆಳೆಯಿತು. 1928ರಲ್ಲಿ ದುಬಾರಿ ಕಾರುಗಳಿಗೆ ಹೆಸರಾಗಿದ್ದ ಪಿಯರ್ಸ್-ಆರೋ ಕಂಪನಿಯ ಹಿಡಿತವೂ ಕೈಸೇರಿತು. ಆದರೆ 1929ರಲ್ಲಿ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾದಾಗ ಎರ್ಸ್ಕಿನ್ ಅದನ್ನು ತಾತ್ಕಾಲಿಕ ಹಿನ್ನಡೆಯೆಂದು ಭಾವಿಸಿದರು. ಷೇರುದಾರರ ವಿಶ್ವಾಸ ಉಳಿಸಿಕೊಳ್ಳಲು 1930ರಲ್ಲಿ ಆ ವರ್ಷದ ಲಾಭದ ಹಲವು ಪಟ್ಟು ಮೊತ್ತವನ್ನು ಲಾಭಾಂಶವಾಗಿ ಹಂಚಲಾಯಿತು. ಮರುವರ್ಷವೂ ಮೀಸಲು ನಿಧಿಗೆ ಕೈಹಾಕಿಯೇ ಲಾಭಾಂಶ ಕೊಡಲಾಯಿತು.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಕೈಯಲ್ಲಿದ್ದ ನಗದು ಬರಿದಾಯಿತು. ಲಾರಿ ತಯಾರಿಸುತ್ತಿದ್ದ ವೈಟ್ ಮೋಟಾರ್ ಕಂಪನಿಯನ್ನು ವಿಲೀನಗೊಳಿಸಿಕೊಂಡು ಅದರ ನಗದನ್ನು ಬಳಸಿಕೊಳ್ಳುವ ಯತ್ನವನ್ನು ಆ ಕಂಪನಿಯ ಅಲ್ಪಸಂಖ್ಯಾತ ಷೇರುದಾರರು ತಡೆದರು. 1933ರ ಮಾರ್ಚ್‌ನಲ್ಲಿ ಸ್ಟುಡೆಬೇಕರ್ ನ್ಯಾಯಾಲಯದ ಸುಪರ್ದಿಗೆ ಹೋಯಿತು. ಅದೇ ವರ್ಷದ ಜುಲೈನಲ್ಲಿ ಎರ್ಸ್ಕಿನ್ ಆತ್ಮಹತ್ಯೆ ಮಾಡಿಕೊಂಡರು.

ಕಂಪನಿ ಆಗ ಮುಳುಗಲಿಲ್ಲ ಎಂಬುದು ಅಷ್ಟೇ ಮಹತ್ವದ ಸಂಗತಿ. ಮಾರಾಟ ವಿಭಾಗದ ಪಾಲ್ ಹಾಫ್‌ಮನ್ ಮತ್ತು ಉತ್ಪಾದನಾ ವಿಭಾಗದ ಹೆರಾಲ್ಡ್ ವಾನ್ಸ್ ಸುಪರ್ದಿನ ಅವಧಿಯಲ್ಲಿಯೂ ಕಾರ್ಖಾನೆಯನ್ನು ನಿಲ್ಲಿಸದೆ ನಡೆಸಿದರು. ಪಿಯರ್ಸ್-ಆರೋವನ್ನು ಮಾರಲಾಯಿತು. 1935ರಲ್ಲಿ ಹೊಸ ಬಂಡವಾಳದೊಂದಿಗೆ ಕಂಪನಿ ಪುನರ್ರಚನೆಗೊಂಡಿತು. 1939ರಲ್ಲಿ ಹೊರತಂದ ‘ಚಾಂಪಿಯನ್’ ಎಂಬ ಹಗುರವಾದ, ಕಡಿಮೆ ಇಂಧನ ಬಳಸುವ ಕಾರು ಜನಮನ್ನಣೆ ಪಡೆಯಿತು. ದೊಡ್ಡವರನ್ನು ಅನುಕರಿಸದೆ ಅವರು ಗಮನ ಕೊಡದ ಕಡೆ ಒಳ್ಳೆಯ ಸರಕು ಕೊಟ್ಟದ್ದೇ ಈ ಚೇತರಿಕೆಯ ಗುಟ್ಟು.

ಯುದ್ಧಾನಂತರದ ಸುಗ್ಗಿ

ಎರಡನೆಯ ಮಹಾಯುದ್ಧದಲ್ಲಿ ಸ್ಟುಡೆಬೇಕರ್ ಸುಮಾರು 2 ಲಕ್ಷ ಸೇನಾ ಲಾರಿಗಳನ್ನು ತಯಾರಿಸಿತು. ಅವುಗಳಲ್ಲಿ ಬಹುಪಾಲು ಸೋವಿಯತ್ ಒಕ್ಕೂಟಕ್ಕೆ ಹೋದವು. ಯುದ್ಧ ಮುಗಿದಾಗ ಅಮೆರಿಕದಲ್ಲಿ ಕಾರುಗಳಿಗೆ ತೀವ್ರ ಅಭಾವವಿತ್ತು. ಬೇರೆ ಕಂಪನಿಗಳು ಯುದ್ಧಪೂರ್ವದ ಮಾದರಿಗಳನ್ನೇ ತಿದ್ದಿ ಮಾರುತ್ತಿದ್ದಾಗ ಸ್ಟುಡೆಬೇಕರ್ 1946ರಲ್ಲಿಯೇ ಪೂರ್ಣ ಹೊಸ ವಿನ್ಯಾಸದ 1947ರ ಮಾದರಿಯನ್ನು ಮಾರುಕಟ್ಟೆಗೆ ತಂದಿತು. 1950ರಲ್ಲಿ ಆ ವರ್ಷದ ಮಾದರಿಗಳ ತಯಾರಿಕೆ 3 ಲಕ್ಷ ದಾಟಿ ದಾಖಲೆಯಾಯಿತು. ದೇಶದ ಕಾರು ಮಾರುಕಟ್ಟೆಯಲ್ಲಿ ಕಂಪನಿಯ ಪಾಲು ಶೇಕಡಾ 4ರ ಆಸುಪಾಸಿನಲ್ಲಿತ್ತು. ಭಾರತದ ರಸ್ತೆಗಳಲ್ಲಿಯೂ ಆ ಕಾಲದಲ್ಲಿ ಸ್ಟುಡೆಬೇಕರ್ ಕಾರುಗಳು ಓಡಾಡಿದ್ದುಂಟು.

ಅವನತಿಯ ಬೀಜಗಳು ಬಿದ್ದದ್ದು ಈ ಸುಗ್ಗಿಯ ಕಾಲದಲ್ಲಿಯೇ. ತಯಾರಿಸಿದ್ದೆಲ್ಲ ಮಾರಾಟವಾಗುತ್ತಿದ್ದ ದಿನಗಳಲ್ಲಿ ಒಂದು ದಿನದ ಮುಷ್ಕರವೂ ಬೇಡವೆಂದು ಆಡಳಿತ ವರ್ಗವು ಕಾರ್ಮಿಕ ಸಂಘದ ಬೇಡಿಕೆಗಳನ್ನು ಹೆಚ್ಚು ಚೌಕಾಶಿಯಿಲ್ಲದೆ ಒಪ್ಪುತ್ತ ಹೋಯಿತು. ತಂದೆ, ಮಗ ಇಬ್ಬರೂ ಅದೇ ಕಾರ್ಖಾನೆಯಲ್ಲಿ ದುಡಿಯುವುದು ಸೌತ್ ಬೆಂಡ್‌ನಲ್ಲಿ ಸಾಮಾನ್ಯವಾಗಿತ್ತು. ಕಂಪನಿಯು ಅದನ್ನು ತನ್ನ ಜಾಹೀರಾತುಗಳಲ್ಲಿಯೂ ಹೆಮ್ಮೆಯಿಂದ ಬಳಸಿಕೊಂಡಿತ್ತು. ಈ ಸೌಹಾರ್ದ ಮೆಚ್ಚತಕ್ಕದ್ದೇ. ಆದರೆ ವೇತನ ಹೆಚ್ಚಿದಂತೆ ಪ್ರತಿ ಕಾರಿಗೆ ತಗಲುವ ದುಡಿಮೆಯ ಗಂಟೆಗಳು ಇಳಿಯಲಿಲ್ಲ. ಮತ್ತೊಂದೆಡೆ, ಲಾಭದ ಗಣನೀಯ ಭಾಗವು ಲಾಭಾಂಶವಾಗಿ ಹೋಯಿತು; ಬಹುಮಹಡಿಯ ಹಳೆಯ ಕಟ್ಟಡಗಳು ಹಾಗೆಯೇ ಉಳಿದವು. ಡೆಟ್ರಾಯಿಟ್‌ನ ದೊಡ್ಡ ಕಂಪನಿಗಳು ಯಂತ್ರೋಪಕರಣಗಳನ್ನು ನವೀಕರಿಸುತ್ತಿದ್ದಾಗ ಸೌತ್ ಬೆಂಡ್‌ನ ತಯಾರಿಕಾ ವೆಚ್ಚ ಏರುತ್ತಲೇ ಇತ್ತು. ಸರಕಿನ ಅಭಾವವಿರುವವರೆಗೆ ಈ ದೋಷ ಯಾರ ಕಣ್ಣಿಗೂ ಬೀಳಲಿಲ್ಲ.

1953: ಸುಂದರ ಕಾರು, ತಪ್ಪಿದ ಅಂದಾಜು

1953ರಲ್ಲಿ ಖ್ಯಾತ ವಿನ್ಯಾಸಕಾರ ರೇಮಂಡ್ ಲೋಯಿ ಅವರ ತಂಡ ರೂಪಿಸಿದ ಎರಡು ಬಾಗಿಲಿನ ಕೂಪೆ ಕಾರು ಬಿಡುಗಡೆಯಾಯಿತು. ಅಮೆರಿಕದಲ್ಲಿ ತಯಾರಾದ ಅತ್ಯಂತ ಸುಂದರ ಕಾರುಗಳ ಸಾಲಿನಲ್ಲಿ ಇಂದಿಗೂ ಅದನ್ನು ಎಣಿಸಲಾಗುತ್ತದೆ. ಗ್ರಾಹಕರು ಕೊಳ್ಳಲು ಸಿದ್ಧರಾಗಿ ಬಂದರು. ಆದರೆ ಕಂಪನಿ ಸಿದ್ಧವಾಗಿರಲಿಲ್ಲ.

ಮೊದಲನೆಯದಾಗಿ, ಜೋಡಣೆಯ ಸಮಯದಲ್ಲಿ ಚೌಕಟ್ಟು ಬಾಗುತ್ತಿದ್ದುದರಿಂದ ಮುಂಭಾಗದ ತಗಡಿನ ಭಾಗಗಳು ಸರಿಯಾಗಿ ಕೂಡುತ್ತಿರಲಿಲ್ಲ. ಇದರಿಂದ ತಯಾರಿಕೆ ತಿಂಗಳುಗಟ್ಟಲೆ ಕುಂಟಿತು. ಎರಡನೆಯದಾಗಿ, ನಾಲ್ಕು ಬಾಗಿಲಿನ ಸೆಡಾನ್ ಕಾರುಗಳಿಗೇ ಹೆಚ್ಚು ಬೇಡಿಕೆ ಬರುವುದೆಂದು ಅಂದಾಜಿಸಿ ಆ ಪ್ರಮಾಣದಲ್ಲಿ ಭಾಗಗಳನ್ನು ಸಿದ್ಧಪಡಿಸಲಾಗಿತ್ತು. ಜನರು ಕೇಳಿದ್ದು ಕೂಪೆಯನ್ನು. ಬೇಕಾದ ಸರಕು ಅಂಗಡಿಯಲ್ಲಿಲ್ಲ, ಇದ್ದ ಸರಕು ಯಾರಿಗೂ ಬೇಕಿಲ್ಲ ಎಂಬ ಸ್ಥಿತಿ ಉಂಟಾಯಿತು.

ಇದೇ ಸಮಯದಲ್ಲಿ ಫೋರ್ಡ್ ಮತ್ತು ಷೆವ್ರೊಲೆ ನಡುವೆ ಮಾರಾಟದ ಸಮರ ಆರಂಭವಾಯಿತು. ಎರಡೂ ತಮ್ಮ ಡೀಲರುಗಳ ಮೇಲೆ ಕಾರುಗಳನ್ನು ಹೇರಿದವು. ಡೀಲರುಗಳು ಭಾರೀ ರಿಯಾಯಿತಿಯಲ್ಲಿ ಮಾರಿದರು. ಆ ಹೋರಾಟದಲ್ಲಿ ಪರಸ್ಪರರಿಗೆ ಆದ ಹಾನಿಗಿಂತ ನಡುವೆ ಸಿಕ್ಕಿಕೊಂಡ ಸಣ್ಣ ಕಂಪನಿಗಳಿಗಾದ ಹಾನಿಯೇ ಹೆಚ್ಚು. ಕೋಣಗಳೆರಡು ಹೋರಾಡಲು ಗಿಡಕ್ಕೆ ಮಿತ್ತು ಎಂಬ ಗಾದೆಯಂತೆ ಸ್ಟುಡೆಬೇಕರ್‌ನ ಕಾರು ತಯಾರಿಕೆ 1954ರಲ್ಲಿ 1 ಲಕ್ಷಕ್ಕೂ ಕೆಳಗೆ ಇಳಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ಕಾರ್ಮಿಕರೇ ಮತ ಚಲಾಯಿಸಿ ವೇತನ ಕಡಿತಕ್ಕೆ ಒಪ್ಪಿದರು. ತಮ್ಮ ಕಾರ್ಖಾನೆ ಉಳಿಯಲಿ ಎಂಬ ಅವರ ಆಸೆಗೆ ಅದು ಸಾಕ್ಷಿ. ಆದರೆ ಏಳು ವರ್ಷ ಮೊದಲು ಆಗಬೇಕಿದ್ದ ಮಾತುಕತೆ ಅದಾಗಿತ್ತು.

ಪ್ಯಾಕಾರ್ಡ್ ಜೊತೆ ವಿಲೀನ

ಸಣ್ಣ ಕಂಪನಿಗಳು ಒಗ್ಗೂಡಿದರೆ ಮಾತ್ರ ಉಳಿಗಾಲ ಎಂಬ ವಿಚಾರ ಆಗ ಪ್ರಬಲವಾಗಿತ್ತು. 1954ರ ಮೇ ತಿಂಗಳಲ್ಲಿ ನ್ಯಾಷ್ ಮತ್ತು ಹಡ್ಸನ್ ಸೇರಿ ಅಮೆರಿಕನ್ ಮೋಟಾರ್ಸ್ ಆಯಿತು. ಅಕ್ಟೋಬರ್ 1ರಂದು ಐಷಾರಾಮಿ ಕಾರುಗಳ ಪ್ಯಾಕಾರ್ಡ್ ಕಂಪನಿಯು ಸ್ಟುಡೆಬೇಕರನ್ನು ಕೊಂಡು ಸ್ಟುಡೆಬೇಕರ್-ಪ್ಯಾಕಾರ್ಡ್ ಕಾರ್ಪೊರೇಷನ್ ರೂಪುಗೊಂಡಿತು. ಪ್ಯಾಕಾರ್ಡ್‌ನ ಅಧ್ಯಕ್ಷರಾಗಿದ್ದ ಜೇಮ್ಸ್ ನಾನ್ಸ್ ಹೊಸ ಸಂಸ್ಥೆಯ ಮುಖ್ಯಸ್ಥರಾದರು.

ವಿಲೀನದ ಬಳಿಕ ಲೆಕ್ಕಪತ್ರಗಳನ್ನು ಒಳಹೊಕ್ಕು ನೋಡಿದಾಗ ಆಘಾತ ಕಾದಿತ್ತು. ಸ್ಟುಡೆಬೇಕರ್ ವರ್ಷಕ್ಕೆ ಸುಮಾರು 1,65,000 ಕಾರುಗಳನ್ನು ಮಾರಿದರೆ ನಷ್ಟವಿಲ್ಲದೆ ನಡೆಯುತ್ತದೆ ಎಂದು ಪ್ಯಾಕಾರ್ಡ್ ನಂಬಿತ್ತು. ವಾಸ್ತವದಲ್ಲಿ ಆ ಮಟ್ಟ ಸುಮಾರು 2,82,000 ಎಂದು ತಿಳಿದುಬಂದಿತು. ಮಾರಾಟವಾದರೋ ಅದರ ಮೂರನೆಯ ಒಂದು ಪಾಲಿಗೂ ತಲುಪುತ್ತಿರಲಿಲ್ಲ. ಬಾವಿಗೆ ಬಿದ್ದವನನ್ನು ಮೇಲೆತ್ತಲು ಹೋದವನು ತಾನೂ ಬಿದ್ದಂತಾಯಿತು.

ಪ್ಯಾಕಾರ್ಡ್‌ಗೆ ತನ್ನದೇ ಸಂಕಟವೂ ಇತ್ತು. ಅದರ ಕಾರುಗಳ ಬಾಡಿಯನ್ನು ಬ್ರಿಗ್ಸ್ ಎಂಬ ಕಂಪನಿ ತಯಾರಿಸಿ ಕೊಡುತ್ತಿತ್ತು. 1953ರ ಕೊನೆಯಲ್ಲಿ ಪ್ರತಿಸ್ಪರ್ಧಿ ಕ್ರೈಸ್ಲರ್ ಬ್ರಿಗ್ಸ್ ಕಂಪನಿಯನ್ನೇ ಕೊಂಡುಕೊಂಡಿತು. ಮುಖ್ಯ ಭಾಗವೊಂದಕ್ಕೆ ಒಬ್ಬನೇ ಪೂರೈಕೆದಾರನನ್ನು ನೆಚ್ಚಿದ ತಪ್ಪಿಗೆ ಪ್ಯಾಕಾರ್ಡ್ ಅವಸರದಲ್ಲಿ ಹೊಸ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. 1956ರಲ್ಲಿ ಸಾಲದಾತರು ಕೈಚೆಲ್ಲಿದರು. ವಿಮಾನ ಎಂಜಿನ್ ತಯಾರಕ ಕರ್ಟಿಸ್-ರೈಟ್ ಕಂಪನಿಯೊಂದಿಗೆ ಆಡಳಿತ ಒಪ್ಪಂದವಾಯಿತು. ಡೆಟ್ರಾಯಿಟ್‌ನ ಪ್ಯಾಕಾರ್ಡ್ ಕಾರ್ಖಾನೆ ಮುಚ್ಚಿತು. 1958ರ ಮಾದರಿಗಳೊಂದಿಗೆ ಪ್ಯಾಕಾರ್ಡ್ ಎಂಬ ಹೆಸರೂ ಮರೆಯಾಯಿತು.

ಸಮಮಟ್ಟದ ಲೆಕ್ಕ: ಒಂದು ಉದಾಹರಣೆ

ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಾರಾಟದ ಪ್ರಮಾಣವನ್ನು ವಾಣಿಜ್ಯ ವಲಯದಲ್ಲಿ ಬ್ರೇಕ್ ಈವನ್ ಎಂದು ಕರೆಯುತ್ತಾರೆ. ಸ್ಟುಡೆಬೇಕರ್‌ನ ಪತನವನ್ನು ಅರಿಯಲು ಈ ಒಂದು ಲೆಕ್ಕ ಸಾಕು. ಅದು ಹೇಗೆ ಏರುತ್ತದೆಂಬುದನ್ನು ಒಂದು ಸಣ್ಣ ಕಾರ್ಖಾನೆಯ ಕಲ್ಪಿತ ಅಂಕಿಗಳಿಂದ ನೋಡಬಹುದು.

ಬಾಡಿಗೆ, ಬಡ್ಡಿ, ಖಾಯಂ ಸಿಬ್ಬಂದಿಯ ಸಂಬಳ, ಯಂತ್ರಗಳ ಸವಕಳಿ ಇವು ತಿಂಗಳಿಗೆ 6,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ನಗದ ಮಾರಾಟ ಬೆಲೆ 500 ರೂಪಾಯಿ. ಅದಕ್ಕೆ ತಗಲುವ ಕಚ್ಚಾಮಾಲು ಮತ್ತು ಕೂಲಿ 380 ರೂಪಾಯಿ. ಪ್ರತಿ ನಗದಿಂದ ಉಳಿಯುವುದು 120 ರೂಪಾಯಿ. ಆದುದರಿಂದ 5,000 ನಗಗಳನ್ನು ಮಾರಿದಾಗ ಸಮಮಟ್ಟ. 5,500 ನಗ ಮಾರಿದರೆ 60,000 ರೂಪಾಯಿ ಲಾಭ.

ಈಗ ಕೂಲಿ ಮತ್ತು ಮಾಲಿನ ವೆಚ್ಚ ನಗಕ್ಕೆ 20 ರೂಪಾಯಿ ಏರಿತು ಎನ್ನೋಣ. ಉಳಿಯುವುದು 100 ರೂಪಾಯಿ. ಸಮಮಟ್ಟ 6,000 ನಗಗಳಿಗೆ ಏರುತ್ತದೆ. ಅಷ್ಟರಲ್ಲಿ ದೊಡ್ಡ ಪ್ರತಿಸ್ಪರ್ಧಿ ಬೆಲೆ ಇಳಿಸಿದ್ದರಿಂದ ನೀವೂ 25 ರೂಪಾಯಿ ಇಳಿಸಬೇಕಾಗುತ್ತದೆ. ಉಳಿಯುವುದು ಕೇವಲ 75 ರೂಪಾಯಿ. ಸಮಮಟ್ಟ 8,000 ನಗ. ಮಾರಾಟ ಮೊದಲಿನಂತೆ 5,500 ನಗವೇ ಇದ್ದರೂ ಈಗ 1,87,500 ರೂಪಾಯಿ ನಷ್ಟ! ಮಾರಾಟ ಇಳಿದಿಲ್ಲ, ಗುಣಮಟ್ಟ ಕೆಟ್ಟಿಲ್ಲ. ಆದರೂ ಉದ್ದಿಮೆ ಮುಳುಗುತ್ತಿದೆ. ಸ್ಟುಡೆಬೇಕರ್‌ನಲ್ಲಿ ವೆಚ್ಚ ಏರಿತು, ಬೆಲೆ ಇಳಿಯಿತು, ಸಾಲದೆಂಬಂತೆ ಮಾರಾಟವೂ ಕುಸಿಯಿತು.

ಇದಕ್ಕೆ ಜೊತೆಯಾಗಿ ಅಚ್ಚು ಮತ್ತು ಡೈಗಳ ವೆಚ್ಚವನ್ನೂ ಗಮನಿಸಬೇಕು. ಹೊಸ ಮಾದರಿಯೊಂದರ ಡೈಗಳಿಗೆ 1 ಕೋಟಿ ಡಾಲರ್ ತಗಲಿದರೆ, 10 ಲಕ್ಷ ಕಾರು ಮಾರುವ ಕಂಪನಿಗೆ ಪ್ರತಿ ಕಾರಿಗೆ ಬೀಳುವ ಹೊರೆ 10 ಡಾಲರ್. 1 ಲಕ್ಷ ಕಾರು ಮಾರುವ ಕಂಪನಿಗೆ 100 ಡಾಲರ್. ವರ್ಷವರ್ಷವೂ ಹೊಸ ರೂಪ ಕೊಡುವ ಆಟದಲ್ಲಿ ಸಣ್ಣವನು ದೊಡ್ಡವನನ್ನು ಗೆಲ್ಲಲಾರ. ಅವನು ಬೇರೆ ಆಟವನ್ನೇ ಆರಿಸಿಕೊಳ್ಳಬೇಕು.

ಲಾರ್ಕ್: ದೊರೆತ ಕೊನೆಯ ಅವಕಾಶ

1958ರ ಶರತ್ಕಾಲದಲ್ಲಿ ಸ್ಟುಡೆಬೇಕರ್ ಅದನ್ನೇ ಮಾಡಿತು. ಅಧ್ಯಕ್ಷ ಹೆರಾಲ್ಡ್ ಚರ್ಚಿಲ್ ಅವರ ನೇತೃತ್ವದಲ್ಲಿ ಹಳೆಯ ಕಾರಿನ ಮಧ್ಯಭಾಗವನ್ನು ಉಳಿಸಿಕೊಂಡು, ಮುಂದಿನ ಹಾಗೂ ಹಿಂದಿನ ಉದ್ದವನ್ನು ಮೊಟಕುಗೊಳಿಸಿ, ಅಲ್ಪ ವೆಚ್ಚದಲ್ಲಿ ‘ಲಾರ್ಕ್’ ಎಂಬ ಪುಟ್ಟ ಕಾರನ್ನು ಸಿದ್ಧಪಡಿಸಲಾಯಿತು. ದೊಡ್ಡ ಕಂಪನಿಗಳ ಕಾರುಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದ್ದ ಕಾಲವದು. ಸಣ್ಣ, ಮಿತವ್ಯಯದ ಕಾರಿಗೆ ಜನ ಕಾದಿದ್ದರು. 1959ರಲ್ಲಿ ಕಂಪನಿ 2.85 ಕೋಟಿ ಡಾಲರ್ ಲಾಭ ಗಳಿಸಿತು.

ಆದರೆ ಅನುಕೂಲ ಒಂದೇ ವರ್ಷದ್ದು. 1960ರ ಮಾದರಿಗಳಾಗಿ ಷೆವ್ರೊಲೆಯ ಕೊರ್ವೇರ್, ಫೋರ್ಡ್‌ನ ಫಾಲ್ಕನ್, ಕ್ರೈಸ್ಲರ್‌ನ ವ್ಯಾಲಿಯಂಟ್ ಒಟ್ಟಿಗೇ ಮಾರುಕಟ್ಟೆಗಿಳಿದವು. ಇಲ್ಲಿ ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಲಾರ್ಕ್ ಯಶಸ್ಸು ಕಂಡಾಗ ದೊಡ್ಡ ಕಂಪನಿಗಳ ಅನೇಕ ಡೀಲರುಗಳು ಪಕ್ಕದ ವ್ಯಾಪಾರವಾಗಿ ಅದನ್ನೂ ಇಟ್ಟುಕೊಂಡಿದ್ದರು. ತಮ್ಮದೇ ಕಂಪನಿಯ ಸಣ್ಣ ಕಾರು ಬಂದೊಡನೆ ಅವರು ಲಾರ್ಕನ್ನು ಕೈಬಿಟ್ಟರು. ಎರವಲು ಪಡೆದ ಮಾರಾಟದ ಜಾಲ ಅಗತ್ಯವಿದ್ದಾಗಲೇ ಕಳಚಿಕೊಂಡಿತು. 1961ರ ವೇಳೆಗೆ ಲಾರ್ಕ್ ಮಾರಾಟ ಸುಮಾರು ಅರ್ಧಕ್ಕೆ ಇಳಿಯಿತು.

ಲಾರ್ಕ್ ತಂದ ಲಾಭವನ್ನು ಏನು ಮಾಡಬೇಕೆಂಬ ಬಗ್ಗೆ ಆಡಳಿತ ಮಂಡಳಿಯಲ್ಲಿ ಒಮ್ಮತವಿರಲಿಲ್ಲ. ಹೊಸ ಕಾರುಗಳಿಗೆ ತೊಡಗಿಸಬೇಕೆಂಬುದು ಚರ್ಚಿಲ್ ಪಕ್ಷ. ಹಿಂದಿನ ನಷ್ಟದಿಂದ ದೊರೆಯುವ ತೆರಿಗೆ ಅನುಕೂಲವನ್ನು ಬಳಸಿಕೊಂಡು ಲಾಭದಾಯಕವಾದ ಬೇರೆ ಕಂಪನಿಗಳನ್ನು ಕೊಳ್ಳಬೇಕೆಂಬುದು ಹಲವು ನಿರ್ದೇಶಕರ ವಾದ. ಎರಡನೆಯದೇ ಮೇಲಾಯಿತು. ಜನರೇಟರ್, ನೆಲ ಸ್ವಚ್ಛಗೊಳಿಸುವ ಯಂತ್ರ, ಸಣ್ಣ ಟ್ರ್ಯಾಕ್ಟರ್, ಎಂಜಿನ್ ಎಣ್ಣೆಗೆ ಬೆರೆಸುವ ಎಸ್‌ಟಿಪಿ ಮುಂತಾದವುಗಳನ್ನು ತಯಾರಿಸುವ ಕಂಪನಿಗಳು ಒಂದೊಂದಾಗಿ ಸೇರಿದವು.

ಕೊನೆಯ ವರ್ಷಗಳು

1961ರ ಫೆಬ್ರವರಿಯಲ್ಲಿ ಶೆರ್ವುಡ್ ಎಗ್ಬರ್ಟ್ ಅಧ್ಯಕ್ಷರಾದರು. ಅವರ ಉತ್ಸಾಹದ ಫಲವಾಗಿ, ಮತ್ತೆ ರೇಮಂಡ್ ಲೋಯಿ ತಂಡದಿಂದಲೇ, ‘ಅವಂತಿ’ ಎಂಬ ವೇಗದ ಕಾರು 1962ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಡೈಗಳ ವೆಚ್ಚ ಉಳಿಸಲು ಅದರ ಬಾಡಿಯನ್ನು ಫೈಬರ್‌ಗ್ಲಾಸ್‌ನಿಂದ ಮಾಡಿಸಲು ಹೊರಗಿನ ಪೂರೈಕೆದಾರರಿಗೆ ವಹಿಸಲಾಯಿತು. ಬಂದ ಭಾಗಗಳು ಒಂದಕ್ಕೊಂದು ಕೂಡಲಿಲ್ಲ. ಮುಂಗಡ ಬೇಡಿಕೆ ಕೊಟ್ಟಿದ್ದ ಗ್ರಾಹಕರು ಕಾದು ಬೇಸತ್ತು ಬೇರೆ ಕಾರು ಕೊಂಡರು. ಒಟ್ಟು ತಯಾರಾದ ಅವಂತಿ ಕಾರುಗಳ ಸಂಖ್ಯೆ 5,000ವನ್ನೂ ಮುಟ್ಟಲಿಲ್ಲ. 1953ರ ಪಾಠವನ್ನು ಹತ್ತು ವರ್ಷಗಳ ಬಳಿಕವೂ ಕಲಿತಿರಲಿಲ್ಲ.

1963ರ ಕೊನೆಯಲ್ಲಿ ಅನಾರೋಗ್ಯಪೀಡಿತರಾದ ಎಗ್ಬರ್ಟ್ ಅವರ ಸ್ಥಾನಕ್ಕೆ ಹಣಕಾಸು ವಿಭಾಗದ ಬೈಯರ್ಸ್ ಬರ್ಲಿಂಗೇಮ್ ಬಂದರು. ಡಿಸೆಂಬರ್ 9ರಂದು ಸೌತ್ ಬೆಂಡ್ ಕಾರ್ಖಾನೆ ಮುಚ್ಚುವ ಪ್ರಕಟಣೆ ಹೊರಬಿತ್ತು. ಕ್ರಿಸ್‌ಮಸ್ ಹಬ್ಬಕ್ಕೆ ಐದು ದಿನಗಳಿರುವಾಗ ಕೊನೆಯ ಕಾರು ಹೊರಬಂದಿತು. ಸುಮಾರು 7,000 ಜನರ ಕೆಲಸ ಹೋಯಿತು. ಕೆನಡಾದ ಹ್ಯಾಮಿಲ್ಟನ್ ಘಟಕವು ಕೊನೆಗೆ ಜನರಲ್ ಮೋಟಾರ್ಸ್ ಎಂಜಿನ್‌ಗಳನ್ನು ಬಳಸಿ 1966ರ ಮಾರ್ಚ್‌ವರೆಗೆ ಕಾರು ತಯಾರಿಸಿ ತಾನೂ ನಿಂತಿತು.

ಕಾರು ನಿಂತರೂ ಕಂಪನಿ ದಿವಾಳಿಯಾಗಲಿಲ್ಲ. ಕೊಂಡಿದ್ದ ಬೇರೆ ಉದ್ದಿಮೆಗಳ ಆದಾಯದಿಂದ ಅದು ಮುಂದುವರಿದು 1967ರಲ್ಲಿ ಸ್ಟುಡೆಬೇಕರ್-ವರ್ಥಿಂಗ್ಟನ್ ಆಯಿತು. 1979ರಲ್ಲಿ ಮತ್ತೊಂದು ಕಂಪನಿಯ ಪಾಲಾಯಿತು. ಷೇರುದಾರರ ದೃಷ್ಟಿಯಿಂದ ವೈವಿಧ್ಯೀಕರಣವು ಸರಿಯಾದ ನಿರ್ಧಾರವೇ. ಸೌತ್ ಬೆಂಡ್‌ನ ದೃಷ್ಟಿಯಿಂದ ಅದು ಕಾರ್ಖಾನೆಯನ್ನು ಬಿಟ್ಟುಕೊಟ್ಟ ನಿರ್ಧಾರ.

ಪಿಂಚಣಿ ನಿಧಿಯ ದುರಂತ

ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ ಕಾರ್ಮಿಕರ ಪಿಂಚಣಿಯದು. ಯೋಜನೆ ಆರಂಭವಾದಾಗ ಅದುವರೆಗಿನ ಸೇವಾವಧಿಗೂ ಹಕ್ಕು ನೀಡಲಾಗಿತ್ತು; ಅದಕ್ಕೆ ಬೇಕಾದ ಹಣವನ್ನು ಮಾತ್ರ ಹಲವಾರು ವರ್ಷಗಳಲ್ಲಿ ಕಂತುಕಂತಾಗಿ ತುಂಬುವ ಕ್ರಮವಿತ್ತು. ಮುಂದೆ ಪಿಂಚಣಿ ಏರಿಸಿದಾಗಲೆಲ್ಲ ಈ ಬಾಕಿ ಹೊಣೆ ಇನ್ನಷ್ಟು ಬೆಳೆಯಿತು. ಕಾರ್ಖಾನೆ ನಡೆಯುತ್ತಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ ಅದು.

ಕಾರ್ಖಾನೆ ನಿಂತಾಗ ನಿಧಿಯಲ್ಲಿದ್ದ ಹಣ ಎಲ್ಲರಿಗೂ ಸಾಲಲಿಲ್ಲ. ಈಗಾಗಲೇ ನಿವೃತ್ತರಾದವರು ಮತ್ತು 60 ವರ್ಷ ತುಂಬಿ ಅರ್ಹತೆ ಪಡೆದವರು, ಒಟ್ಟು ಸುಮಾರು 3,600 ಜನ, ಪೂರ್ಣ ಪಿಂಚಣಿ ಪಡೆದರು. ಹತ್ತು ವರ್ಷಕ್ಕಿಂತ ಹೆಚ್ಚು ದುಡಿದಿದ್ದ, 40ರಿಂದ 59 ವರ್ಷ ವಯಸ್ಸಿನ ಸುಮಾರು 4,000 ಜನರಿಗೆ ದೊರೆತದ್ದು ಅವರ ಹಕ್ಕಿನ ಮೌಲ್ಯದ ಸುಮಾರು ಶೇಕಡಾ 15 ಮಾತ್ರ. ಉಳಿದ ಸುಮಾರು 2,900 ಜನರಿಗೆ ಏನೂ ಸಿಗಲಿಲ್ಲ. ಐವತ್ತು ದಾಟಿದ, ಇಪ್ಪತ್ತು ವರ್ಷ ದುಡಿದ ಕೆಲಸಗಾರನೊಬ್ಬ ಉದ್ಯೋಗವನ್ನೂ ಮುಪ್ಪಿನ ಆಸರೆಯನ್ನೂ ಒಟ್ಟಿಗೇ ಕಳೆದುಕೊಂಡ. ಅಂದಿನ ಕಾನೂನಿನಲ್ಲಿ ಇದನ್ನು ತಡೆಯುವ ಅವಕಾಶವೇ ಇರಲಿಲ್ಲ. ಈ ಪ್ರಕರಣ ಎಬ್ಬಿಸಿದ ಚರ್ಚೆಯ ಫಲವಾಗಿಯೇ 1974ರ ಸೆಪ್ಟೆಂಬರ್ 2ರಂದು ಅಮೆರಿಕದಲ್ಲಿ ನೌಕರರ ನಿವೃತ್ತಿ ಆದಾಯ ಭದ್ರತಾ ಕಾಯಿದೆ ಅಂಗೀಕೃತವಾಯಿತು. ಪಿಂಚಣಿಗಳಿಗೆ ವಿಮಾ ರಕ್ಷಣೆ ನೀಡುವ ನಿಗಮವೂ ಸ್ಥಾಪಿತವಾಯಿತು.

ಉದ್ದಿಮೆದಾರರಿಗೆ ಪಾಠಗಳು

1. ಸಮಮಟ್ಟದ ಲೆಕ್ಕವನ್ನು ವರ್ಷಕ್ಕೊಮ್ಮೆಯಲ್ಲ, ವೆಚ್ಚ ಅಥವಾ ಬೆಲೆ ಬದಲಾದಾಗಲೆಲ್ಲ ಹೊಸದಾಗಿ ಹಾಕಬೇಕು. ಮಾರಾಟದ ಮೊತ್ತ ಏರುತ್ತಿರುವುದು ಆರೋಗ್ಯದ ಲಕ್ಷಣವೆಂದು ಭಾವಿಸಬಾರದು.

2. ಒಳ್ಳೆಯ ಕಾಲದಲ್ಲಿ ಮಾಡಿಕೊಂಡ ಖಾಯಂ ವೆಚ್ಚಗಳು ಕೆಟ್ಟ ಕಾಲದಲ್ಲಿ ಇಳಿಯುವುದಿಲ್ಲ. ವೇತನ ಏರಿಕೆಯನ್ನು ಉತ್ಪಾದಕತೆಯೊಂದಿಗೆ ಜೋಡಿಸುವ ಮಾತುಕತೆಗೆ ಸುಗ್ಗಿಯ ಕಾಲವೇ ಸೂಕ್ತ. ಆಗ ಇಬ್ಬರ ಕೈಯಲ್ಲಿಯೂ ಕೊಡಲು ಏನಾದರೂ ಇರುತ್ತದೆ.

3. ಲಾಭದಲ್ಲಿ ಮೊದಲ ಪಾಲು ಯಂತ್ರಗಳಿಗೆ ಮತ್ತು ಮೀಸಲು ನಿಧಿಗೆ. ಮಾಲೀಕರ ಮನೆಗೆ ಹೋಗುವುದು ಅನಂತರ. 1930ರ ತಪ್ಪಿಗೂ 1950ರ ದಶಕದ ದೌರ್ಬಲ್ಯಕ್ಕೂ ಮೂಲ ಒಂದೇ.

4. ಪಾಲುದಾರಿಕೆ ಅಥವಾ ಖರೀದಿಗೆ ಮೊದಲು ಎದುರಿನ ಸಂಸ್ಥೆಯ ಲೆಕ್ಕಪತ್ರಗಳನ್ನು ಸ್ವತಂತ್ರ ಲೆಕ್ಕಪರಿಶೋಧಕರಿಂದ ಪರೀಕ್ಷಿಸಬೇಕು. ಸಹಿ ಹಾಕಿದ ಮೇಲೆ ಲೆಕ್ಕ ನೋಡುವುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ.

5. ಸರಕು ಕೈಗೆ ಕೊಡುವ ಸಾಮರ್ಥ್ಯ ಖಚಿತವಾಗುವ ಮೊದಲು ಪ್ರಚಾರ ಬೇಡ. ಎರಡು ಬಾರಿ ಬೇಡಿಕೆ ಹುಟ್ಟಿಸಿ ಎರಡು ಬಾರಿಯೂ ಪೂರೈಸಲಾಗದ ಕಂಪನಿಯನ್ನು ಮೂರನೆಯ ಬಾರಿ ಯಾರೂ ನಂಬಲಿಲ್ಲ.

6. ದೊಡ್ಡವರು ಬಿಟ್ಟ ಜಾಗದಲ್ಲಿ ಸಣ್ಣವನು ಗೆಲ್ಲಬಲ್ಲ. ಆದರೆ ಆ ಜಾಗ ಲಾಭದಾಯಕವೆಂದು ತಿಳಿದೊಡನೆ ದೊಡ್ಡವರೂ ಬರುತ್ತಾರೆ. ಅವರು ಬರುವ ದಿನಕ್ಕೆ ಮುಂದಿನ ಹೆಜ್ಜೆ ಸಿದ್ಧವಿರಬೇಕು.

7. ಗ್ರಾಚ್ಯುಟಿ, ಪಿಂಚಣಿ ಮುಂತಾದ ಹೊಣೆಗಳಿಗೆ ಆಯಾ ವರ್ಷವೇ ಪ್ರತ್ಯೇಕವಾಗಿ ಹಣ ತೆಗೆದಿಡಬೇಕು. ಅದು ಉದ್ದಿಮೆಯ ಹಣವಲ್ಲ. ದುಡಿದವರು ನಂಬಿ ಬಿಟ್ಟ ಠೇವಣಿ.

ಸ್ವಪರಿಶೀಲನೆಗೆ ಪ್ರಶ್ನೆಗಳು

ಓದುಗರು ತಮ್ಮ ಲೆಕ್ಕಿಗರೊಂದಿಗೆ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಬರೆಯುವುದು ಒಳಿತು. ನಿಮ್ಮ ಸಂಸ್ಥೆಯ ಈ ತಿಂಗಳ ಸಮಮಟ್ಟ ಎಷ್ಟು ನಗ? ಮೂರು ವರ್ಷಗಳ ಹಿಂದೆ ಎಷ್ಟಿತ್ತು? ಮಾರಾಟ ಮೂರನೆಯ ಒಂದು ಭಾಗ ಇಳಿದರೆ ಎಷ್ಟು ತಿಂಗಳು ನಡೆಯಬಲ್ಲಿರಿ? ಒಬ್ಬನೇ ಪೂರೈಕೆದಾರ ಅಥವಾ ಒಬ್ಬನೇ ಗ್ರಾಹಕನನ್ನು ನೆಚ್ಚಿದ ವ್ಯವಹಾರ ಎಷ್ಟು ಪಾಲು? ನಾಳೆಯೇ ಬಾಗಿಲು ಮುಚ್ಚಬೇಕಾಗಿ ಬಂದರೆ, ನಿಮ್ಮ ಕೆಲಸಗಾರರಿಗೆ ಸಲ್ಲಬೇಕಾದ ಹಣದಲ್ಲಿ ಎಷ್ಟು ಪಾಲು ಇಂದು ಬೇರೆ ಖಾತೆಯಲ್ಲಿದೆ?

ಸ್ಟುಡೆಬೇಕರ್ ಕಂಪನಿಯ ಹಳೆಯ ಗಾಡಿಗಳನ್ನೂ ಕಾರುಗಳನ್ನೂ ಇಂದು ಸೌತ್ ಬೆಂಡ್‌ನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಅವುಗಳ ಕೆಲಸಗಾರಿಕೆಯಲ್ಲಿ ಕುಂದು ಹುಡುಕುವುದು ಕಷ್ಟ. ಕುಂದು ಇದ್ದದ್ದು ಲೆಕ್ಕದ ಪುಸ್ತಕದಲ್ಲಿ; ಅದನ್ನು ತೆರೆದು ನೋಡಬೇಕಾದವರು ನೋಡಿದಾಗ ಹೊತ್ತು ಮೀರಿತ್ತು.